ತಂಗಿಗೆ ನಾನೇ ಮಾಡಿದ ಸ್ಕ್ಯಾನುಗಳು

ಕಲಬುರಗಿಯ ಸೂಪರ್ ಮಾರ್ಕೆಟ್ ಹಿಂದಿನ ಓಣಿಯ ಒಂದು ಸ್ಕ್ಯಾನ್ ಸೆಂಟರಿನಲ್ಲಿ ನಾನು ಟೆಕ್ನಿಷಿಯನ್. ಎಕ್ಸ್‌ರೇ, ಸಿಟಿ ಸ್ಕ್ಯಾನ್ ಎರಡೂ ನನ್ನ ಕೆಲಸ. ಕಮಲಾಪುರದಲ್ಲಿ ಶಾಲೆಯ ಟೀಚರ್ ಆಗಿದ್ದ ನನ್ನ ತಂಗಿಗೆ ಇಪ್ಪತ್ತಾರನೇ ವಯಸ್ಸಿನಲ್ಲಿ ಕುತ್ತಿಗೆ ತಾನಾಗಿಯೇ ಎಡಕ್ಕೆ ತಿರುಗತೊಡಗಿತು. ಆಮೇಲೆ ಬಲಗೈ ನಡುಗಿತು, ಬೋರ್ಡಿನ ಮೇಲಿನ ಅಕ್ಷರ ಸೊಟ್ಟಗಾದವು, ಮಾತು ತೊದಲಿತು. ಸ್ಟಾಫ್ ರೂಮಿನಲ್ಲಿ ಒಬ್ಬರು ಬೇಕೆಂದೇ ಪಕ್ಕಕ್ಕೆ ಸರಿದು ಅವಳ ಬಾಯಿಯ ವಾಸನೆ ನೋಡಿದರಂತೆ, ಕುಡಿದಿದ್ದಾಳೋ ಎಂದು.

ಮೊದಲ ಡಾಕ್ಟರ್ ತಲೆಯ ಸಿಟಿ ಬರೆದರು. ನಾನೇ ಮಾಡಿದೆ. ಏನೂ ಕಾಣಲಿಲ್ಲ. ಎರಡನೆಯವರು ಹಳೆಯ ಫಿಲ್ಮನ್ನು ಲಕೋಟೆಯಿಂದ ಹೊರಗೂ ತೆಗೆಯದೆ ಹೊಸದು ಬರೆದರು, ಜೊತೆಗೆ ಕುತ್ತಿಗೆಯ ಎಕ್ಸ್‌ರೇ. ಮೂರನೆಯವರು ಅಪ್ಪನ ಕಡೆ ತಿರುಗಿ, "ಇದು ಮನಸ್ಸಿಂದು ಅದರೀ. ಮದುವಿ ಮಾಡ್ರಿ, ಸರಿ ಹೋಗ್ತಾಳ," ಎಂದರು. ಎದುರಿಗೇ ಕೂತಿದ್ದ ಅವಳನ್ನು ಒಂದು ಮಾತು ಕೇಳಲಿಲ್ಲ. ಹಾಗೆಂದವರೂ ಕೊನೆಗೆ ಸಿಟಿಯನ್ನೇ ಬರೆದರು.

ಎರಡು ವರ್ಷದಲ್ಲಿ ಐದು ಸಲ ಅವಳನ್ನು ಆ ಮೇಜಿನ ಮೇಲೆ ಮಲಗಿಸಿದೆ. "ಅಲಗಾಡಬ್ಯಾಡ," ಎನ್ನುತ್ತಿದ್ದೆ. ಕುತ್ತಿಗೆ ನಿಲ್ಲದೆ ಚಿತ್ರ ಕೆಟ್ಟಾಗ ತಲೆಗೆ ಪಟ್ಟಿ ಬಿಗಿದು ಚಿತ್ರವನ್ನು ಮತ್ತೆ ತೆಗೆದೆ. ತಂಗಿಗೆ ಸರದಿಯಿಲ್ಲದೆ ಕೆಲಸ ಮಾಡಿಕೊಟ್ಟೆನೆಂಬ ಜಂಬ ಬೇರೆ.

ಕೊನೆಗೆ ನರರೋಗದ ಒಬ್ಬ ಡಾಕ್ಟರಮ್ಮ ಸಿಕ್ಕರು. ಲಕೋಟೆಗಳನ್ನು ಬದಿಗಿಟ್ಟು, ಪೆನ್ನನ್ನು ಎಡಕ್ಕೂ ಬಲಕ್ಕೂ ಸರಿಸಿ ಅವಳ ಕಣ್ಣು ನೋಡಿದರು. ಕಣ್ಣಿಗಿಂತ ಮೊದಲು ತಲೆ ತಿರುಗುತ್ತಿತ್ತು.

"ನಿಮ್ದು ಸಂಬಂಧದಾಗ ಮದುವಿ ಏನ್ರಿ?" ಎಂದು ಅಪ್ಪನನ್ನು ಕೇಳಿದರು.

"ಹೌದ್ರಿ, ಅಕ್ಕನ ಮಗಳು."

ಸಾಮಾನ್ಯವಾಗಿ ಲಿವರಿನ ರೋಗಕ್ಕೆ ಮಾಡಿಸುವ ಒಂದು ರಕ್ತ ಪರೀಕ್ಷೆ ಬರೆದರು. ಅದರಲ್ಲಿ ಒಂದು ಪ್ರೋಟೀನ್ ಬಹಳ ಏರಿತ್ತು. ಆಮೇಲೆ ಜೀನ್ ಪರೀಕ್ಷೆಗೆ ರಕ್ತ ಹೈದರಾಬಾದಿಗೆ ಹೋಯಿತು. ವರದಿ ಬಂದ ದಿನ ಅವರು ಬಿಡಿಸಿ ಹೇಳಿದರು:

"ಇದಕ್ಕ ಅಟಾಕ್ಸಿಯಾ ಟೆಲಾಂಜಿಯೆಕ್ಟೇಸಿಯಾ ಅಂತಾರ. ಹುಟ್ಟಿನಿಂದ ಬಂದಿದ್ದು. ಸಾಮಾನ್ಯವಾಗಿ ಸಣ್ಣ ಮಕ್ಕಳು ನಡಿಯಾಕ ಕಲಿಯೋವಾಗನೇ ಕಾಣ್ತದ, ಕಣ್ಣಾಗ ಕೆಂಪು ನರ ಮೂಡ್ತಾವ. ಇವ್ರಿಗೆ ಹಂಗ ಬಂದಿಲ್ಲ. ತಡವಾಗಿ, ಬ್ಯಾರೆ ರೂಪದಾಗ ಬಂದದ. ಅದಕ್ಕ ಯಾರಿಗೂ ಹೊಳೀಲಿಲ್ಲ. ಇನ್ಮುಂದ ಎಕ್ಸ್‌ರೇ, ಸಿಟಿ ತೀರಾ ಬೇಕಾದ್ರ ಅಷ್ಟೇ. ಆ ಕಿರಣದಿಂದ ಆದ ಪೆಟ್ಟು ಇವ್ರ ಮೈ ಸರಿಯಾಗಿ ರಿಪೇರಿ ಮಾಡ್ಕೊಳ್ಳಂಗಿಲ್ಲ. ಕ್ಯಾನ್ಸರಿನ ಭಯ ಅದ."

ನಾನು ಹೊರಗೆ ಹೋಗಿ ಗಟಾರದಲ್ಲಿ ವಾಂತಿ ಮಾಡಿದೆ. ಐದು ಸಲವೂ ನಾನು ಕಿರಣ ತಡೆಯುವ ಸೀಸದ ಗಾಜಿನ ಈಚೆ ಸುರಕ್ಷಿತವಾಗಿ ನಿಂತಿದ್ದೆ.

ಮಾರನೆಯ ದಿನ ಸೆಂಟರಿನ ಮಾಲೀಕನಿಗೆ ಹೇಳಿದೆ. ಆತ ಗುಟ್ಕಾ ಉಗುಳಿ ಬಂದು, "ಹೊರಗ ಹೇಳಬ್ಯಾಡಪಾ. ಮಂದಿ ಸ್ಕ್ಯಾನ್ ಅಂದ್ರ ಅಂಜತಾರ," ಎಂದ. ತಂಗಿ ಹೇಗಿದ್ದಾಳೆಂದು ಕೇಳಲಿಲ್ಲ. ಅವನ ಮುಖ ನೋಡಲು ಹೇಸಿಗೆಯಾಯಿತು. ಆದರೆ ಆ ಯಂತ್ರದ ಗುಂಡಿ ಒತ್ತಿದ್ದು ಅವನಲ್ಲ.

ಆ ವಾರ ಕಮಲಾಪುರದ ಬಸ್ಸಿನಲ್ಲಿ ತಂಗಿಗೆ, "ತಪ್ಪು ನಂದ ಅದ," ಎಂದೆ.

"ನೀ ಬೇಕಂತ ಮಾಡಿಲ್ಲ, ಖರೆ. ಆದ್ರ ಅಣ್ಣ, ಮತ್ತ ಮತ್ತ ಯಾಕ ಅಂತ ಒಂದು ಸಲ ಕೇಳಬಹುದಿತ್ತು."



ಗುಳಿಗೆಯಿಂದ ಅವಳ ಕುತ್ತಿಗೆ ಈಗ ತುಸು ಸಡಿಲಾಗಿದೆ. ಪಾಠ ಬಿಟ್ಟಿಲ್ಲ, ಬೋರ್ಡಿನ ಮೇಲೆ ಮಕ್ಕಳಿಂದ ಬರೆಸುತ್ತಾಳೆ. ಈ ದೋಷದ ಅರ್ಧ ಪಾಲು ಅವ್ವನಲ್ಲೂ ಇದೆ, ಅದರಿಂದ ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚೆಂದು ಡಾಕ್ಟರಮ್ಮ ಹೇಳಿದ್ದರಿಂದ ಅವ್ವನ ತಪಾಸಣೆ ತಪ್ಪಿಸುವುದಿಲ್ಲ. ನಾನೂ ಕೆಲಸ ಬಿಟ್ಟಿಲ್ಲ. ಚೀಟಿ ಹಿಡಿದು ಬಂದವರಿಗೆ ಹಳೆಯ ಫಿಲ್ಮ್ ಕೇಳುತ್ತೇನೆ, ಇದ್ದರೆ ಹೊಸದು ಬೇಕೇ ಎಂದು ಡಾಕ್ಟರಿಗೆ ಫೋನ್ ಮಾಡುತ್ತೇನೆ. ಒಬ್ಬಿಬ್ಬರು ಡಾಕ್ಟರು "ಹಂಗಾದ್ರ ಬ್ಯಾಡ ಬಿಡ್ರಿ" ಎನ್ನುತ್ತಾರೆ. ಉಳಿದವರು, ಡಾಕ್ಟರ್ ನೀನೋ ನಾನೋ ಎಂದು ಕೇಳಿ ಫೋನ್ ಇಡುತ್ತಾರೆ.