ಬೀಗದಕ್ಕನ ಎಂಟು ಕಾಲಿನ ಚಿಪ್ಪು

ಬಸ್‌ಸ್ಟ್ಯಾಂಡ್ ಪಕ್ಕ ಡೂಪ್ಲಿಕೇಟ್ ಕೀ ಮಾಡೋ ತಗಡಿನ ಗೂಡಂಗಡಿ ಇದ್ಯಲ್ಲ, ಅಲ್ಲಿ ಕೂರೋಳು ನಮ್ಮ ಬೀಗದಕ್ಕ. ಬೇರೆ ದೇಶದಲ್ಲಿ ಕೆಲಸಕ್ಕಿರೋ ಅವಳ ತಂಗಿ ಒಂದು ಚೀಲ ಗೇಮ್ ಡಿಸ್ಕ್ ಕಳಿಸಿದ್ಲು. ಕಾರು ಓಡಿಸೋ ಆಟಗಳು, ಎಲ್ಲಾ ಒರಿಜಿನಲ್. ಆದ್ರೆ ಅಕ್ಕನ ಹಳೇ ಗೇಮ್ ಮೆಶೀನ್ ಒಂದನ್ನೂ ಒಳಗೆ ಬಿಟ್ಕೊಳ್ಳಲ್ಲ! ಆ ದೇಶದ ಡಿಸ್ಕು ಈ ದೇಶದ ಮೆಶೀನಲ್ಲಿ ಓಡಬಾರ್ದು ಅಂತ ಮೆಶೀನ್ ಕಂಪನಿಯವರ ಕಟ್ಟಳೆಯಂತೆ. ತಂಗಿ ರಜಕ್ಕೆ ಬರೋ ಹೊತ್ತಿಗೆ ಆ ಆಟಗಳನ್ನ ಕಲಿತಿಟ್ಟು ಅವಳನ್ನ ಸೋಲಿಸ್ಬೇಕು ಅಂತ ಅಕ್ಕ ಪಣ ತೊಟ್ಟಿದ್ಲು.

ಸರ್ವಿಸ್ ಸೆಂಟರಿನವನು ಕಣ್ಣೆತ್ತಿ ಕೂಡ ನೋಡ್ಲಿಲ್ಲ. "ಇದನ್ನ ಗುಜರಿಗೆ ಹಾಕಿ ಹೊಸದು ತಗೊಳ್ಳಿ. ನೀವೇ ಬಿಚ್ಚಿ ಸೀಲ್ ಹರಿದ್ರೆ ನಾವು ಮುಟ್ಟೋದಿಲ್ಲ."

"ಮುಟ್ಬೇಡಿ," ಅಂದ್ಳು ಅಕ್ಕ. "ನನ್ನ ಮನೆ ಬಾಗ್ಲು ತೆಗೆಯೋಕೆ ಬಾಗ್ಲು ಮಾಡಿದ ಬಡಗಿನ ಕೇಳ್ಬೇಕಾ ನಾನು?"

ಮನೆಗೆ ಬಂದು ಮೊದ್ಲು ಮಾಡಿದ ಕೆಲಸ ಆ ಸೀಲ್ ಹರಿದಿದ್ದು.

ಇದಕ್ಕೆ ಬೇಕಾಗಿದ್ದು ಮಾಡ್‌ಚಿಪ್. ಉಗುರಿನಷ್ಟು ಚಿಪ್ಪು, ಎಂಟೇ ಕಾಲು. ಮೆಶೀನ್ ಒಳಗೆ ಬೆಸುಗೆ ಹಾಕಿದ್ರೆ "ಇದು ನಮ್ಮವರದೇ ಡಿಸ್ಕು, ಬಿಡಪ್ಪಾ" ಅಂತ ಅದಕ್ಕೆ ಹೇಳತ್ತೆ. ಚಿಪ್ಪಿಗೆ ಆ ಮಾತು ಕಲಿಸೋಕೆ, ಅಂದ್ರೆ ಅದರೊಳಗೆ ಕೋಡ್ ಬರೆಯೋಕೆ, ಪ್ರೋಗ್ರಾಮರ್ ಅನ್ನೋ ಒಂದು ಸಾಧನ ಬೇಕು. ಅಂಗಡೀದು ದುಬಾರಿ, ಅಕ್ಕ ತಾನೇ ಕಟ್ಟಿದ್ಲು ನೋಡಿ! ಗುಜರಿಗೆ ಬಿದ್ದಿದ್ದ ಪ್ರಿಂಟರ್ ಕೇಬಲ್ ಕತ್ತರಿಸಿ ಕಂಪ್ಯೂಟರಿಗೆ ಚುಚ್ಚೋ ಮೂತಿ ಸಿಕ್ತು. ಸತ್ತ ರೇಡಿಯೋದಿಂದ ರೆಸಿಸ್ಟರು, ಡಯೋಡು. ಚಿಪ್ಪಿಗೆ ಬರೆಯೋವಾಗ ಹದಿಮೂರು ವೋಲ್ಟ್ ಬೇಕಂತೆ, ಅದಕ್ಕೆ ಒಂಬತ್ತು ವೋಲ್ಟಿನ ಒಂದು ಚೌಕದ ಬ್ಯಾಟರಿಗೆ ಮೂರು ಪೆನ್ಸಿಲ್ ಸೆಲ್ ಸೇರಿಸಿ ಟೇಪ್ ಸುತ್ತಿದ್ಲು. ಚಿಪ್ಪು ಮಾತ್ರ ಪಾರ್ಟ್ಸ್ ಅಂಗಡೀದು.

"ಏನೇ ಇದು, ಅಡುಗೆಮನೆ ಮೇಜೆಲ್ಲಾ ಮೊಳೆ ತಂತಿ! ಊಟಕ್ಕೆ ಇದನ್ನೇ ಬಡಿಸ್ತೀಯಾ?" ಅಂತ ರೇಗಿದ್ರು ಮನೇಲಿದ್ದ ಅತ್ತೆ.

"ಹೂಂ ಅತ್ತೆ, ಒಗ್ಗರಣೆ ಹಾಕಿ."

ಇಂಟರ್ನೆಟ್ಟಲ್ಲಿ ಸಿಕ್ಕ ಕೋಡ್ ಬರೆದು ಚಿಪ್ಪು ತಯಾರಾಯ್ತು, ಬೆಸುಗೆ ಹಾಕಿದ್ಳು, ಮೆಶೀನ್ ಆನ್ ಮಾಡಿದ್ಳು. ಅದೇ ಹಳೇ ಹಠ, ಡಿಸ್ಕ್ ಬೇಡ ಅಂತು. ಮೆಶೀನ್ ತಿರುಗಿಸಿ ಅಡಿ ಇರೋ ನಂಬರ್ ನೋಡಿದ್ರೆ, ಅವಳು ಬರೆದಿದ್ದು ಇದಕ್ಕಿಂತ ಹಳೇ ಮಾಡೆಲ್‌ನ ಕೋಡು! ಪರ್ವಾಗಿಲ್ಲ ಅಂತ ಚಿಪ್ ಕಿತ್ತು, ಸರಿಯಾದ ಮಾಡೆಲ್‌ದನ್ನ ಅದರ ಮೇಲೇ ಬರೆದ್ಳು. ಕಂಪ್ಯೂಟರ್ ಒಪ್ಪಲಿಲ್ಲ. ಇನ್ನೊಂದ್ಸಲ ಬರೆದ್ಳು. ಊಹೂಂ, ಚಿಪ್ಪಲ್ಲಿರೋದೂ ಕಂಪ್ಯೂಟರಲ್ಲಿರೋದೂ ತಾಳೆ ಆಗ್ತಿಲ್ಲ.

ಪಾರ್ಟ್ಸ್ ಅಂಗಡಿಯವನು ಕೇಳಿ ತಲೆ ಚಚ್ಕೊಂಡ. "ಅಕ್ಕಾ, ಇದು ಒಂದೇ ಸಲ ಬರೆಯೋ ಚಿಪ್ಪು! ಬರೆದಿದ್ದನ್ನ ಅಳಿಸೋಕಾಗಲ್ಲ, ಮೇಲೆ ಬರೆದ್ರೆ ಎರಡೂ ಕಲಸಿ ಗೊಜ್ಜಾಗತ್ತೆ. ಯಾಕೆ ಹಂಗೆ ಮಾಡಿದ್ರಿ?"

ಯಾಕೆ ಅಂದ್ರೆ ಅಕ್ಕನ ಕೈ ಕೀ ಮಾಡೋ ಕೈ. ಬೀಗ ತೆರೀದಿದ್ರೆ ಅದೇ ಕೀನ ಇನ್ನೊಂಚೂರು ಅರದಿಂದ ಉಜ್ಜು, ಹಾಕಿ ನೋಡು, ಮತ್ತೆ ಉಜ್ಜು. ಇಷ್ಟು ವರ್ಷ ಅದೇ ಅಭ್ಯಾಸ. ಚಿಪ್ಪನ್ನೂ ಹಂಗೇ ಉಜ್ಜಿಬಿಟ್ಟಿದ್ಲು!

"ಇನ್ನೊಂದು ಕೊಡು."

"ಇದೊಂದೇ ಉಳಿದಿರೋದು, ಮತ್ತೆ ಬರಲ್ಲ. ಬಿಡಿ ಅಕ್ಕಾ, ಕಂಪನಿಯವರ ಜೊತೆ ಜಗಳ ಯಾಕೆ?"

"ಜಗಳ ಶುರು ಮಾಡಿದ್ದು ಅವರು ಕಣೋ. ದುಡ್ಡು ಕೊಟ್ಟ ಡಿಸ್ಕು, ದುಡ್ಡು ಕೊಟ್ಟ ಮೆಶೀನು, ಮಧ್ಯೆ ಅವರದೇನು ಕಾವಲು? ಕೊಡೀಗ!"

ಈ ಸಲ ಅಕ್ಕ ಕೈ ಕಟ್ಕೊಂಡು ಕೂತ್ಳು, ಮೊದ್ಲು ಕಣ್ಣು ಕೆಲಸ ಮಾಡ್ಲಿ ಅಂತ. ಮಾಡೆಲ್ ನಂಬರ್ ಜೋರಾಗಿ ಓದಿದ್ಳು, ಅತ್ತೆ ಕಂಪ್ಯೂಟರಲ್ಲಿ ನೋಡಿ ತಪ್ಪಿಲ್ಲ ಅಂದ್ರು. ಅಷ್ಟರಲ್ಲಿ ಬ್ಯಾಟರಿ ಟೇಪ್ ಬಿಟ್ಕೊಂತು.

"ಅತ್ತೆ, ಇದನ್ನ ಒತ್ತಿ ಹಿಡ್ಕೊಳ್ಳಿ. ಅಲ್ಲಾಡಿದ್ರೆ ಚಿಪ್ಪು ಹೋಯ್ತು."

"ಶಾಕ್ ಹೊಡೆದ್ರೆ?"

"ಹೊಡೆಯಲ್ಲ."

"ಹೊಡೆದ್ರೆ ನಿನ್ನ ಸುಮ್ನೆ ಬಿಡಲ್ಲ ನೋಡು," ಅಂತ ಅತ್ತೆ ಎರಡೂ ಕೈಯಲ್ಲಿ ಹಿಡಿದು, ಉಸಿರೂ ಕಟ್ಟಿ ಕೂತ್ರು. ಕಂಪ್ಯೂಟರಿನ ಗೆರೆ ನಿಧಾನಕ್ಕೆ ತುಂಬ್ತು. ತಾಳೆ ಆಯ್ತು!

ಚಿಪ್ಪನ್ನ ಮೆಶೀನಿಗೆ ಕೂರಿಸಿದ ಬೆಸುಗೆ ಆರೋವರೆಗೂ ಅಕ್ಕ ಕಾಯ್ಲಿಲ್ಲ. ಮುಚ್ಚಳ ಕೂಡ ಹಾಕ್ದೆ ಡಿಸ್ಕ್ ಇಟ್ಟು, ಮುಚ್ಚಳ ಒತ್ತೋ ಪುಟ್ಟ ಸ್ವಿಚ್ಚನ್ನ ಬೆರಳಲ್ಲೇ ಅದುಮಿದ್ಳು. ಡಿಸ್ಕು ಸುಯ್ಯ್ ಅಂತ ತಿರುಗ್ತು, ಟೀವಿ ಕಪ್ಪಾಯ್ತು, ಆಮೇಲೆ ಒಂದು ಕೆಂಪು ಕಾರು ಧೂಳೆಬ್ಬಿಸ್ಕೊಂಡು ಬಂತು! ಪರದೆ ತುಂಬಾ ಗೊತ್ತಿಲ್ಲದ ಭಾಷೆ.

"ಇದನ್ನ ಓದೋರ್ಯಾರೇ?" ಅಂದ್ರು ಅತ್ತೆ.

"ಯಾರೂ ಓದ್ಬೇಡಿ. ಆ ಕಡೆ ರಿಮೋಟ್ ಹಿಡ್ಕೊಳ್ಳಿ, ನಾನು ಗುಂಡಿ ಒತ್ತಿ ಒತ್ತಿ ಕಲೀತೀನಿ. ತಂಗಿ ಬರೋ ಮುಂಚೆ ನಿಮ್ಮನ್ನ ಸೋಲಿಸ್ಬೇಕು."

"ನನ್ನನ್ನಾ?" ಅಂತ ಅತ್ತೆ ಸೆರಗು ಸಿಕ್ಕಿಸಿ ಕೂತೇಬಿಟ್ರು.