ಎದುರು ಮನೆಯ ಜಗಲಿ

ಕಳೆದ ತಿಂಗಳು ನೆಂಟರ ಹುಡುಗನೊಬ್ಬನ ಆರತಕ್ಷತೆಗೆ ಎಚ್.ಡಿ. ಕೋಟೆ ಕಡೆ ಹಿನ್ನೀರಿನ ಪಕ್ಕದ ರೆಸಾರ್ಟೊಂದಕ್ಕೆ ಹೋಗಿದ್ದೆವು. ಊಟಕ್ಕೆ ಕೂತು ತಲೆ ಎತ್ತಿದರೆ, ಬಿದಿರಿನ ಮಂಕರಿಯೊಂದನ್ನು ಬೋರಲು ಹಾಕಿ ಅದರೊಳಗೆ ಬಲ್ಬು ಇಳಿಬಿಟ್ಟಿದ್ದರು. ಹೊಲಕ್ಕೆ ಗೊಬ್ಬರ ಹೊರುವ ಮಂಕರಿ. ಅದರ ಸಂದಿಗಳಿಂದ ಬೆಳಕು ಎಲೆಯ ಮೇಲೆ, ಅನ್ನದ ಮೇಲೆ, ನನ್ನ ಕೈಯ ಮೇಲೆ ಗೆರೆಗೆರೆಯಾಗಿ ಬಿದ್ದಿತ್ತು. ಹುಡುಗಿಯರು ಅದರ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಕೂತಿದ್ದ ನಾದಿನಿ, ಎಂಥಾ ತಲೆ ಓಡಿಸಿದ್ದಾರೆ ನೋಡು ಎಂದಳು. ನಾನು ಒಬ್ಬಟ್ಟು ಮುರಿದೆ. ಇಂಥದೇ ಮಂಕರಿ ದೀಪವನ್ನು ನಾನು ಹುಣಸೂರಿನ ನಮ್ಮ ಬೀದಿಯಲ್ಲಿ ವರ್ಷಗಳ ಹಿಂದೆಯೇ ನೋಡಿದ್ದೆ. ಬರೀ ನೋಡಿರಲಿಲ್ಲ... ನೋಡಿ ನೋಡಿ ಹೊಟ್ಟೆ ಉರಿಸಿಕೊಂಡಿದ್ದೆ.

ನಾವು ಆಗಷ್ಟೇ ಪೇಟೆಯಲ್ಲಿ ಹೊಸ ಮನೆ ಕಟ್ಟಿಸಿದ್ದೆವು. ಗುರುಪುರದ ಹತ್ತಿರ ನಮ್ಮ ಹೊಗೆಸೊಪ್ಪಿನ ಹೊಲ. ಅಲ್ಲಿದ್ದ ಮಾವನವರ ಕಾಲದ ಮನೆಯನ್ನು ಬಿಚ್ಚಿಸಿ, ಮಗಳ ಓದಿಗೆ ಅನುಕೂಲವೆಂದು ಹುಣಸೂರಿಗೆ ಬಂದಿದ್ದೆವು. ಹೊಸ ಮನೆಯ ಒಂದೊಂದು ಸಾಮಾನನ್ನೂ ನಾನೇ ಮೈಸೂರಿಗೆ ಹೋಗಿ ಆರಿಸಿದ್ದೆ. ಮೆತ್ತನೆಯ ಸೋಫಾ, ಗಾಜಿನ ಷೋಕೇಸು, ಅದರೊಳಗೆ ಪಿಂಗಾಣಿ ಬಾತುಕೋಳಿಗಳು, ನೆಲಕ್ಕೆ ಕನ್ನಡಿಯಂಥ ಟೈಲ್ಸು. ಹಾಲ್‌ನ ಮೇಲ್ಗಡೆ ಹೂವಿನ ಆಕಾರದ ಫಾಲ್ಸ್ ಸೀಲಿಂಗ್ ಮಾಡಿಸಿ ಸುತ್ತ ನೀಲಿ, ಹಳದಿ, ಗುಲಾಬಿ ದೀಪ ಹಾಕಿಸಿದ್ದೆ. ಗೃಹಪ್ರವೇಶಕ್ಕೆ ಬಂದವರೆಲ್ಲ ತಲೆಯೆತ್ತಿ ನೋಡಿಕೊಂಡೇ ಓಡಾಡಿದರು. ನಮ್ಮ ಬೀದಿಯಲ್ಲಿ ಅಂಥ ಮನೆ ಇನ್ನೊಂದು ಇರಲಿಲ್ಲ.

ಆ ಹೆಮ್ಮೆ ಇನ್ನೂ ಹಸಿಯಾಗಿದ್ದಾಗಲೇ ಎದುರಿನ ಹೆಂಚಿನ ಮನೆಗೆ ಆಕೆ ಬಾಡಿಗೆಗೆ ಬಂದಳು. ಅದು ಬಹಳ ದಿನ ಬೀಗ ಹಾಕಿದ್ದ ಮನೆ. ಮುಂದೊಂದು ಉದ್ದನೆಯ ಜಗಲಿ, ಸುಣ್ಣ ಉದುರಿದ ಗೋಡೆ. ಗಂಡ ಲಾರಿ ಡ್ರೈವರು, ತಿಂಗಳಲ್ಲಿ ಅರ್ಧದಷ್ಟು ದಿನ ಊರಲ್ಲಿ ಇರುತ್ತಿರಲಿಲ್ಲ. ಮಕ್ಕಳಿರಲಿಲ್ಲ. ಆಕೆಯದು ಚುಂಚನಕಟ್ಟೆ ಕಡೆಯ ಗದ್ದೆ ಬಯಲಿನ ಊರು. ಕಪ್ಪಗೆ, ತೆಳ್ಳಗೆ, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಇರುತ್ತಿದ್ದಳು. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು. ಮೊದಲ ದಿನದಿಂದಲೇ ನನ್ನನ್ನು ಅಕ್ಕ ಎಂದು ಕರೆದಳು.

ಅವರ ಸಾಮಾನು ಇಳಿಸುವಾಗ ನಾನು ಕಿಟಕಿಯಲ್ಲಿ ನಿಂತಿದ್ದೆ. ಒಂದು ಮಂಚ, ಒಂದು ಬೀರು. ಉಳಿದದ್ದೆಲ್ಲ ಗುಜರಿಯವನು ಕೂಡ ಯೋಚಿಸಿ ಎತ್ತಿಕೊಳ್ಳುವಂಥದ್ದು: ಮುರಿದ ನೊಗ, ಕಿವಿ ಹೋದ ಕೊಳಗ, ಹಳೇ ಸೀಮೆಎಣ್ಣೆ ಡಬ್ಬಗಳು, ತೂತು ಬಿದ್ದ ಮಂಕರಿಗಳು. ಪಾಪ ಅನ್ನಿಸಿತು. ಸತ್ಯ ಹೇಳಬೇಕೆಂದರೆ, ಪಾಪ ಅನ್ನಿಸಿದ್ದು ನನಗೆ ಖುಷಿಯಾಗಿಯೂ ಇತ್ತು.

ಆ ಖುಷಿ ಉಳಿದದ್ದು ಸ್ವಲ್ಪ ದಿನ ಮಾತ್ರ. ಗೋಡೆಗೆ ಆಕೆಯೇ ಸುಣ್ಣ ಬಳಿದು ಕೆಳಗೆ ಕೆಮ್ಮಣ್ಣಿನ ಪಟ್ಟಿ ಎಳೆದಳು. ನೊಗ ಜಗಲಿಯ ಸೂರಿಗೆ ಅಡ್ಡಲಾಗಿ ತೂಗಿತು, ಅದರಿಂದ ತೆಂಗಿನ ಚಿಪ್ಪುಗಳು ಇಳಿಬಿದ್ದವು, ಚಿಪ್ಪುಗಳಿಂದ ಬಳ್ಳಿಗಳು. ಹೊಗೆಸೊಪ್ಪು ಕಟ್ಟಿ ಬ್ಯಾರನ್ ಎಂಬ ಬಿಸಿ ಗೂಡಿನಲ್ಲಿ ಬೇಯಿಸಲು ನೇತುಹಾಕುವ ಕಡ್ಡಿಗಳಿರುತ್ತವಲ್ಲ, ಸವೆದು ನಾವೆಲ್ಲ ಒಲೆಗೆ ಹಾಕುವಂಥವು, ಅವನ್ನು ಹುರಿಯಲ್ಲಿ ಹೆಣೆದು ಬಿಸಿಲಿಗೆ ತೆರೆ ಮಾಡಿದಳು. ಗುರುಪುರದ ಟಿಬೆಟಿನವರ ಹತ್ತಿರ ರತ್ನಗಂಬಳಿ ನೇಯ್ದುಳಿದ ಉಣ್ಣೆಯ ಚೂರು ತಂದು ದಿಂಬು ಹೊಲಿದಳು. ಸಂಜೆ ಮಂಕರಿ ದೀಪ ಹಾಕಿದರೆ ಆ ಬಿಳಿ ಗೋಡೆಯ ತುಂಬ ನೆರಳಿನ ಬಲೆ. ದಾರಿಯಲ್ಲಿ ಹೋಗುವವರು ನಿಲ್ಲುತ್ತಿದ್ದರು. ನಮ್ಮ ಮನೆಗೆ ಬೆನ್ನು ಹಾಕಿ ನಿಲ್ಲುತ್ತಿದ್ದರು...

ಹೊಗಳಿಕೆ ಎಂದರೆ ಆಕೆಗೂ ಇಷ್ಟ. ಸಂಕೋಚ ಪಡುವ ಹೆಂಗಸೇನಲ್ಲ. ಯಾರಾದರೂ ಚೆನ್ನಾಗಿದೆ ಎಂದರೆ ಒಳಗೆ ಕರೆದು ಮೂಲೆಮೂಲೆ ತೋರಿಸುತ್ತಿದ್ದಳು, ಇದು ಮೊದಲು ಏನಾಗಿತ್ತು ಹೇಳಿ ನೋಡೋಣ ಎಂದು ಒಗಟು ಹಾಕುತ್ತಿದ್ದಳು. ನಮ್ಮ ಮಗಳಂತೂ ಕಾಲೇಜಿನಿಂದ ಬಂದವಳು ಬ್ಯಾಗನ್ನು ನಮ್ಮ ಸೋಫಾದ ಮೇಲೆ ಎಸೆದು ಅಲ್ಲಿಗೆ ಓಡುವಳು. ನಾನು ಕಾಫಿ ಮಾಡಿ ಕರೆದರೆ, ಅಲ್ಲೇ ಕುಡಿದೆ ಎಂಬ ಉತ್ತರ ಬರುತ್ತಿತ್ತು.

ನಮ್ಮ ಹಳೇ ಮನೆಯ ಬೀದಿ ಬಾಗಿಲು, ಹಿತ್ತಾಳೆ ಗುಂಡಿ ಬಡಿದ ದಪ್ಪನೆಯ ಬಾಗಿಲು, ಹಿತ್ತಲ ಗೋಡೆಗೆ ಒರಗಿಕೊಂಡು ಗೆದ್ದಲು ಹಿಡಿಯುತ್ತಿತ್ತು. ಒಂದು ದಿನ ಆಕೆ ಬಂದು ಅದನ್ನೇನು ಮಾಡುತ್ತೀರಿ ಎಂದು ಕೇಳಿದಳು. ಹಂಡೆ ಒಲೆಗೆ ಎಂದೆ. ನನಗೆ ಕೊಡಿ ಎಂದಳು. ತೆಗೆದುಕೊಂಡು ಹೋಗು ಎಂದೆ, ಹಿತ್ತಲು ಚೊಕ್ಕಟವಾಗುತ್ತದಲ್ಲ ಎಂದುಕೊಂಡು. ಗೆದ್ದಲು ಕೆರೆದು, ಉಜ್ಜಿ, ಎಣ್ಣೆ ಕುಡಿಸಿ, ಕೆಳಗೆ ಎರಡು ಕಲ್ಲು ಕೊಟ್ಟು ಜಗಲಿಯ ಮೇಲೆ ಅಡ್ಡ ಮಲಗಿಸಿದಳು. ಕೂರುವುದಕ್ಕೆ ಅರಮನೆಯ ದಿವಾನ್ ಮಂಚದಂತಾಯಿತು. ಹಿತ್ತಾಳೆ ಗುಂಡಿಗಳು ಬೀದಿಯ ಆ ಕಡೆಯಿಂದಲೂ ಹೊಳೆಯುತ್ತಿದ್ದವು. ನಾನು ಆ ಮನೆಗೆ ಮದುವೆಯಾಗಿ ಬಂದಾಗ ದಾಟಿದ ಬಾಗಿಲು. ಆಗ ಒಮ್ಮೆಯಾದರೂ ಅದನ್ನು ಸರಿಯಾಗಿ ನೋಡಿದ್ದೆನೋ ಇಲ್ಲವೋ...

ಮಗಳನ್ನು ನೋಡಲು ಕಂಪಲಾಪುರದಿಂದ ಗಂಡಿನವರು ಬಂದದ್ದು ಕಡುಬೇಸಿಗೆಯ ಒಂದು ಮಧ್ಯಾಹ್ನ. ಒಳ್ಳೆಯ ಮನೆತನ, ಈ ಸಂಬಂಧ ಕೂಡಿಬಂದರೆ ಸಾಕೆಂದು ನಾನು ದೇವರಿಗೆ ಹರಸಿಕೊಂಡಿದ್ದೆ. ಅವರು ಸೋಫಾದಲ್ಲಿ ಕೂರುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಯುಪಿಎಸ್ಸು ಎರಡು ಸಲ ಕೀಚಲು ಧ್ವನಿ ಮಾಡಿ ಸುಮ್ಮನಾಯಿತು. ಚಂದಕ್ಕೆಂದು ಕಿಟಕಿಗಳಿಗೆ ತೆರೆಯಲಾಗದ ಗಾಜು ಕೂರಿಸಿದ್ದೆ, ಕೆಳಗಿಳಿದ ಸೀಲಿಂಗು ಬೇರೆ. ಗಂಡಿನ ತಾಯಿ ಸೆರಗಿನಲ್ಲಿ ಗಾಳಿ ಬೀಸಿಕೊಂಡರು, ಕತ್ತು ಒರೆಸಿಕೊಂಡರು, ಬಾಗಿಲಿನಿಂದ ಹೊರಗೆ ನೋಡಿದರು. ಆಮೇಲೆ ಎದ್ದೇಬಿಟ್ಟರು.

"ಆ ಜಗಲಿ ತಣ್ಣಗದೆ. ಅಲ್ಲೇ ಕೂರನ ಬನ್ನಿ" ಎಂದರು.

ನಾನು ಬೇಡ ಎನ್ನುವಷ್ಟರಲ್ಲಿ ಅವರ ಕಡೆಯವರೆಲ್ಲ ಚಪ್ಪಲಿ ಮೆಟ್ಟಿಕೊಂಡಾಗಿತ್ತು. ನಾನು ಕರಿದ ಕೋಡುಬಳೆ, ನಾನು ಮಾಡಿದ ಕೇಸರಿಬಾತು, ನನ್ನ ಹೊಸ ಟ್ರೇಗಳು, ನನ್ನ ಮಗಳು, ಎಲ್ಲವೂ ಬೀದಿ ದಾಟಿ ಎದುರು ಮನೆಗೆ ಹೋದವು. ಆಕೆ ಗಾಬರಿಯಾಗಲಿಲ್ಲ. ಕಡ್ಡಿಯ ತೆರೆಗೆ ನೀರು ಚಿಮುಕಿಸಿದಳು, ಹಳೇ ಹಿತ್ತಾಳೆ ಲೋಟಗಳಲ್ಲಿ ನಿಂಬೆಹಣ್ಣಿನ ಪಾನಕ ಕೊಟ್ಟಳು. ಮಗಳು ಅಲ್ಲಿ ಅಂಜದೆ ಕೂತು, ದಿಂಬು ಹೇಗೆ ಹೊಲಿದದ್ದು ಎಂದು ಗಂಡಿನ ತಾಯಿಗೆ ವಿವರಿಸಿದಳು. ನಮ್ಮ ಮನೆಯಲ್ಲಿ ಬಂದವರ ಮುಂದೆ ತುಟಿ ಬಿಚ್ಚದ ಹುಡುಗಿ ಅವಳು.

ಗಂಡಿನ ತಾಯಿ ಗೋಡೆ, ಸೂರು ಎಲ್ಲ ಕಣ್ಣು ತುಂಬ ನೋಡಿ, ಈ ಮನೆ ನಿಮ್ಮದೇನಾ ಎಂದು ಆಕೆಯನ್ನು ಕೇಳಿದರು.

"ನಮ್ದೆಲ್ಲಿ ಬಂತು ಬುಡಿ ಅವ್ವ, ಬಾಡಿಗೆ ಮನೆ. ಆದ್ರೆ ನೀವು ಕೂತಿದ್ದೀರಲ್ಲ ಆ ಬಾಗ್ಲು, ಅದು ಈ ಅಕ್ಕನ ಮನೇದು" ಎಂದಳು.

ಎಲ್ಲರೂ ಬಾಗಿಲನ್ನು ಮುಟ್ಟಿ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಇಂಥದ್ದನ್ನು ಬಿಸಾಕಿದವಳು ಇವಳೇನಾ ಎಂಬಂತೆ. ಆಕೆ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅದೇ ನನಗೆ ಹೆಚ್ಚು ಚುಚ್ಚಿತು. ಸಂಬಂಧ ಆ ಜಗಲಿಯ ಮೇಲೇ ಕುದುರಿತು. ವೀಳ್ಯ ಹಿಡಿದುಕೊಂಡು ನಗುತ್ತಾ ಕೂತಿದ್ದರೂ ನನ್ನ ಕಣ್ಣು ರಸ್ತೆಯಾಚೆಯ ನಮ್ಮ ಮನೆಯ ಮೇಲೇ ಇತ್ತು. ಅಲ್ಲಿಂದ ನೋಡಿದರೆ ಅದು ಯಾವುದೋ ಬ್ಯಾಂಕಿನಂತೆ ಕಾಣುತ್ತಿತ್ತು.

ಅದಾದ ಮೇಲೆ ನನಗೂ ಹಟ ಬಂತು. ಹೊಲದ ಕೊಟ್ಟಿಗೆಯಿಂದ ಗಾಡಿ ಚಕ್ರ ತರಿಸಿ, ಪೇಂಟರಿನಿಂದ ವಾರ್ನಿಷ್ ಬಳಿಸಿ ಹಾಲ್‌ನಲ್ಲಿ ಸೋಫಾದ ಪಕ್ಕ ನಿಲ್ಲಿಸಿದೆ. ಯಜಮಾನರು ಎಡವಿ ಕಾಲು ಬೆರಳು ಊದಿಸಿಕೊಂಡರು. ಬಂದ ನೆಂಟರೊಬ್ಬರು, ಇದನ್ನು ರಿಪೇರಿಗೆ ತಂದಿದ್ದೀರಾ ಎಂದು ಕೇಳಿದರು. ಆಕೆಯೂ ಬಂದು ಬಾಗಿಲಲ್ಲೇ ನಿಂತು ನೋಡಿದಳು. ಚೆನ್ನಾಗಿದೆ ಅಕ್ಕ ಎಂದಳಾದರೂ ಕಣ್ಣು ಚಕ್ರದಿಂದ ಕಿಟಕಿಗೆ, ಕಿಟಕಿಯಿಂದ ಚಕ್ರಕ್ಕೆ ಓಡಾಡುತ್ತಿತ್ತು. "ಕಿಟಕಿ ತಾವ ಇಟ್ರೆ..." ಎಂದು ಶುರು ಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದಳು. ಆಕೆ ಹೋದ ಮೇಲೆ ನಾನು ಚಕ್ರವನ್ನು ಉರುಳಿಸಿ ಕಿಟಕಿಯ ಹತ್ತಿರ ಇಟ್ಟು ನೋಡಿದೆ. ಬೆಳಕು ಅದರ ಆರೆಗಳ ನಡುವೆ ಹಾದು ನೆಲದ ಮೇಲೆ ಹರಡಿತು. ಇಡೀ ಹಾಲ್‌ಗೆ ಒಂದು ಕಳೆ ಬಂತು. ಮತ್ತೆ ಉರುಳಿಸಿಕೊಂಡು ಬಂದು ಸೋಫಾದ ಪಕ್ಕವೇ ನಿಲ್ಲಿಸಿದೆ.

ಮಗಳ ಮದುವೆಯಾದ ಮುಂದಿನ ವರ್ಷ ಎದುರು ಮನೆಯ ಮಾಲೀಕರು ಆ ಜಾಗವನ್ನು ಮಾರಿದರು. ಎಚ್.ಡಿ. ಕೋಟೆ ಹತ್ತಿರ ಆಕೆಯ ಗಂಡನಿಗೆ ಪಾಲಿಗೆ ಬಂದ ಪುಟ್ಟ ಮನೆಯಿತ್ತು, ಅಲ್ಲಿಗೆ ಹೊರಟರು. ಹೊರಡುವ ಹಿಂದಿನ ಸಂಜೆ ಆಕೆ ನಮ್ಮ ಮನೆಗೆ ಬಂದಳು. ಅಷ್ಟು ವರ್ಷಗಳಲ್ಲಿ ಬಾಗಿಲ ಹತ್ತಿರ ನಿಂತು ಮಾತಾಡಿ ಹೋಗುತ್ತಿದ್ದವಳು ಅಂದು ಬಂದು ಸೋಫಾದಲ್ಲಿ ಕೂತಳು. ಕೈಯಿಂದ ಮೆತ್ತೆಯನ್ನು ಒತ್ತಿ ನೋಡಿದಳು.

"ಒಂದ್ಸಲ ಎಲ್ಲಾ ಲೈಟೂ ಹಾಕಿ ಅಕ್ಕ."

ಹಾಕಿದೆ. ನೀಲಿ, ಹಳದಿ, ಗುಲಾಬಿ. ಆಕೆ ತಲೆಯನ್ನು ಹಿಂದಕ್ಕೆ ಒರಗಿಸಿ ಸೀಲಿಂಗನ್ನೇ ನೋಡುತ್ತಾ ಕೂತಳು, ಸಿನಿಮಾ ನೋಡುವ ಹಾಗೆ.

"ದಿನಾ ಜಗಲಿ ಮೇಲೆ ಕೂತ್ಕೊಂಡು ಇದ್ನೇ ನೋಡ್ತಿದ್ದೆ ಕಣಕ್ಕ. ಒಂದು ಮೊಳೆ ಹೊಡೆದ್ರೂ ಓನರ್ ಬಯ್ಯೋರು. ಎತ್ಕೊಂಡು ಹೋಗೋ ಅಂತದ್ದು ಬುಟ್ಟು ಇನ್ನೇನ್ ಮಾಡ್ಲಿ ನಾನು? ನಿಮ್ಮಂಗೆ ಮೇಲೆಲ್ಲ ಹೂವು ಮಾಡಿಸ್ಬೇಕು ಅಂತ ಬೋ ಆಸೆ ಇತ್ತು."

ಇಂಥ ಮಾತು ಆಕೆಯ ಬಾಯಿಂದ ಬರಲೆಂದು ನಾನು ಎಷ್ಟು ವರ್ಷ ಕಾದಿದ್ದೆ. ಬಂದಾಗ ಮಾತ್ರ ಖುಷಿಯೇನೂ ಆಗಲಿಲ್ಲ. ಆ ಬಣ್ಣದ ಬೆಳಕಿನಲ್ಲಿ ಸೋಫಾಕ್ಕೆ ಒರಗಿ ಕೂತ ಆಕೆ, ನನಗಿಂತ ಹೆಚ್ಚಾಗಿ ಆ ಮನೆಯ ಯಜಮಾನಿಯಂತೆ ಕಾಣುತ್ತಿದ್ದಳು. ಅದನ್ನು ಕಂಡೂ ನನಗೆ ಉರಿಯಿತು. ಕಾಫಿ ಮಾಡಿಕೊಂಡು ಬಂದೆ. ಇಬ್ಬರೂ ಕೂತು ಕುಡಿದೆವು.

ಆಮೇಲೆ ಆಕೆಯ ಸುದ್ದಿ ನನಗೆ ತಿಳಿಯುತ್ತಿದ್ದದ್ದು ಮಗಳಿಂದ. ಮಗಳು ಕಂಪಲಾಪುರದ ತನ್ನ ಮನೆಯಲ್ಲಿ ಏನು ಮಾಡಿದರೂ ಫೋಟೊ ತೆಗೆದು ಮೊದಲು ಆಕೆಗೆ ಕಳಿಸುತ್ತಿದ್ದಳು. ನನಗೆ ಫೋನು ಮಾಡಿದರೆ ಊಟ ಆಯಿತೇ, ಬಿಪಿ ಮಾತ್ರೆ ತೆಗೆದುಕೊಂಡೆಯಾ, ಅಷ್ಟೇ. ಆಕೆಗೆ ಹೊಟ್ಟೆಯಲ್ಲಿ ಗಡ್ಡೆಯಾಗಿದೆ ಎಂದು ತಿಳಿದು ಮಗಳು ಮೈಸೂರಿನ ಆಸ್ಪತ್ರೆಗೆ ಹೋಗಿ ನೋಡಿಕೊಂಡು ಬಂದಿದ್ದಳು. ನನಗೆ ಹೇಳಿದ್ದು ಆಮೇಲೆ. ಯಾಕೆ ಮೊದಲೇ ಹೇಳಲಿಲ್ಲ ಎಂದರೆ, "ನಿಂಗೆ ಅವರನ್ನ ಕಂಡ್ರೆ ಆಯ್ತಿರ್ಲಿಲ್ವಲ್ಲಮ್ಮ" ಎಂದಳು. ಒಮ್ಮೆ ಹೋಗಿ ನೋಡಿ ಬರಬೇಕು ಎಂದುಕೊಳ್ಳುವಷ್ಟರಲ್ಲಿ...

ಆಕೆಯ ತಿಥಿಯ ದಿನ ಹೋದೆವು. ಬಂದ ಹೆಂಗಸರೆಲ್ಲ ಆಕೆಯ ಕೈಗುಣದ ಮಾತೇ ಆಡುತ್ತಿದ್ದರು. ಮಗಳು ಹೋಗುತ್ತಲೇ ಒಳಗೆ ನುಗ್ಗಿ, ಯಾವ ಡಬ್ಬದಲ್ಲಿ ಏನಿದೆ ಎಂದು ಹುಟ್ಟಿದ ಮನೆಯಂತೆ ತೆಗೆದು ಬಡಿಸುತ್ತಿದ್ದಳು. ಸಾವಿನ ಮನೆಯಲ್ಲಿ ನಿಂತು ಹೊಟ್ಟೆಕಿಚ್ಚು ಪಡುತ್ತಿದ್ದೇನಲ್ಲ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಗಿ, ಹಿತ್ತಲಿಗೆ ಹೋದೆ.

ಅಲ್ಲಿ ಎಲ್ಲವೂ ರಾಶಿ ಬಿದ್ದಿತ್ತು. ನೊಗ, ಚಿಪ್ಪುಗಳು, ಕಡ್ಡಿಯ ತೆರೆ, ಮಂಕರಿಗಳು. ನಮ್ಮ ಬಾಗಿಲಿನ ಮೇಲೆ ಅಡುಗೆಯವರು ಕುಂಬಳಕಾಯಿ ಹೆಚ್ಚುತ್ತಿದ್ದರು. ಆಕೆಯ ಗಂಡ ಬಂದು ಪಕ್ಕದಲ್ಲಿ ನಿಂತ.

"ಒಳ್ಗೇ ಇಡನ ಅಂತ ನೋಡ್ದೆ ಅಕ್ಕ. ಎಲ್ಲಿ ಏನ್ ಇಡ್ಬೇಕು ಅಂತ ನಂಗೆ ಗೊತ್ತಾಗಲ್ಲ. ಎಲ್ಲಿಟ್ರೂ ಕಾಲ್ಗೆ ಅಡ್ಡ ಬತ್ತವೆ" ಎಂದ. ಗುಜರಿಯವನಿಗೆ ಹೇಳಿದ್ದಾನಂತೆ.

ಅವನು ಸುಳ್ಳೇನೂ ಹೇಳುತ್ತಿರಲಿಲ್ಲ. ಅವೆಲ್ಲ ಮೊದಲ ದಿನ ಲಾರಿಯಿಂದ ಇಳಿಯುವಾಗ ನನ್ನ ಕಣ್ಣಿಗೆ ಹೇಗೆ ಕಂಡಿದ್ದವೋ ಹಾಗೇ ಕಾಣುತ್ತಿದ್ದವು. ಅಷ್ಟೂ ವರ್ಷ ನಾನು ಅವನ್ನು ಗುಜರಿ ಎಂದೇ ಕರೆದಿದ್ದೆ, ಮಗಳ ಹತ್ತಿರ, ಯಜಮಾನರ ಹತ್ತಿರ. ಈಗ ಗುಜರಿಯೇ ಆಗಿದ್ದವು. ನಾನು ಬಗ್ಗಿ ಒಂದು ಚಿಪ್ಪನ್ನು ಎತ್ತಿಕೊಂಡೆ. ಬಳ್ಳಿ ಒಣಗಿತ್ತು, ಮಣ್ಣು ಗಟ್ಟಿಯಾಗಿತ್ತು. ಕೈಯಲ್ಲಿ ಹಿಡಿದು ಅತ್ತ ಇತ್ತ ತಿರುಗಿಸಿದೆ. ಇದನ್ನು ಎಲ್ಲಿ ತೂಗುಹಾಕಿದರೆ ಚಂದ ಎಂದು ನನಗೂ ಹೊಳೆಯಲಿಲ್ಲ. ಆಗ ಅಳು ಬಂತು. ಮಗಳು ಬಂದು ನೋಡಿ ಆಶ್ಚರ್ಯದಿಂದ ನಿಂತಳು.

ಈಗ ಎದುರುಗಡೆ ಮೂರು ಅಂತಸ್ತಿನ ಕಾಂಪ್ಲೆಕ್ಸು ಎದ್ದಿದೆ. ಕೆಳಗೆ ಮೊಬೈಲ್ ಅಂಗಡಿ, ಬೇಕರಿ. ಮೇಲಿನದು ಪೂರ್ತಿ ನೀಲಿ ಗಾಜು. ಬೆಳಿಗ್ಗೆ ಕಾಫಿ ಹಿಡಿದು ಬಾಗಿಲಲ್ಲಿ ನಿಲ್ಲುವುದು ನನಗೆ ಇನ್ನೂ ಅಭ್ಯಾಸ. ಆಕೆ ಎದುರಿಗಿದ್ದಷ್ಟು ವರ್ಷ ಅಲ್ಲಿ ನಿಂತು, ಇವತ್ತೇನು ಹೊಸದು ಮಾಡಿದ್ದಾಳೆ ಎಂದು ನೋಡಿ, ಕರುಬಿ, ಒಳಗೆ ಬಂದು ಮನೆ ಒರೆಸುತ್ತಿದ್ದೆ. ಈಗ ಎದುರಿಗೆ ನೋಡಿದರೆ ಆ ಗಾಜಿನಲ್ಲಿ ನಮ್ಮ ಮನೆ ಕಾಣುತ್ತದೆ, ಬಾಗಿಲಲ್ಲಿ ನಿಂತ ನಾನೂ ಕಾಣುತ್ತೇನೆ. ಇನ್ನೇನೂ ಇಲ್ಲ.