ಬೀಗರಿಗೂ ಒಂದು ಗುಟುಕು

ಜೀರಿಗೆ ಕಷಾಯದ ವಾಸನೆ ಬಂದರೆ ಇವತ್ತಿಗೂ ನಾನು ಎದ್ದು ಹೊರಗೆ ಹೋಗಿಬಿಡುತ್ತೇನೆ. ಅಜ್ಜಿಗೆ ಜೀರಿಗೆ ಕಂಡರಾಗದು ಅಂತ ಮೊಮ್ಮಕ್ಕಳು ನಗುತ್ತಾರೆ. ನಗಲಿ. ಅವರು ನನ್ನ ಅತ್ತೆಯನ್ನು ನೋಡಿಲ್ಲ, ಭೇರ್ಯದ ಬೀಗರನ್ನಂತೂ ನೋಡಿಯೇ ಇಲ್ಲ. ಪುಣ್ಯವಂತರು.

ಕನ್ನಡದ ಸೀಮೆಗಳೆಲ್ಲ ಒಂದಾಗಿ ರಾಜ್ಯ ದೊಡ್ಡದಾದ ಹೊಸದು. ಹಾರನಹಳ್ಳಿಯ ಆ ಮನೆಗೆ ನಾನು ಸೊಸೆಯಾಗಿ ಬಂದು ಕೆಲವು ವರ್ಷವಾಗಿತ್ತು. ಅತ್ತೆಗೆ ಎದೆಯಲ್ಲಿ ಗಂಟು ಕಾಣಿಸಿಕೊಂಡಿತ್ತು. ಹೇಳಿಕೊಳ್ಳಲು ನಾಚಿ ಸೆರಗಿನಲ್ಲೇ ಮುಚ್ಚಿಟ್ಟುಕೊಂಡಿದ್ದರು. ಅದು ಒಡೆದು ಹುಣ್ಣಾದ ಮೇಲೆ ನಮಗೆ ಗೊತ್ತಾಯಿತು. ಮೈಸೂರಿಗೆ ಕರೆದುಕೊಂಡು ಹೋದರೆ, ಕೊಯ್ಯುವ ಹಂತ ದಾಟಿದೆ, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಅಂದರು. ನೋಡಿಕೊಳ್ಳುವವಳು ಇನ್ಯಾರು, ನಾನೇ. ಹುಣ್ಣು ತೊಳೆದೆ, ಬಟ್ಟೆ ಕುದಿಸಿದೆ. ಆ ವಾಸನೆಗೆ ನನಗೆ ಒಂದು ದಿನವೂ ಅಸಹ್ಯವಾಗಲಿಲ್ಲ. ಅಸಹ್ಯವಾದದ್ದು ಬೇರೆ.

ನೋವು ಮಾತ್ರ ಹೇಳತೀರದು. ಕರು ಹಾಕಲಾರದ ಹಸುವಿನ ಹಾಗೆ ಅರಚುತ್ತಿದ್ದರು. ಕೊನೆಗೆ ಹುಣಸೂರಿನ ಒಬ್ಬ ಡಾಕ್ಟರು ಅಫೀಮಿನ ಸತ್ವ ಬೆರೆಸಿದ ಒಂದು ಬಾಟಲಿ ಔಷಧಿ ಕೊಟ್ಟರು. ಬಾಟಲಿಯ ಪಕ್ಕಕ್ಕೆ ಕಚ್ಚುಕಚ್ಚಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿತ್ತು, ಹೊತ್ತಿಗೆ ಒಂದು ಕಚ್ಚು.

“ಅರಚಿಕೊಳ್ಳೋವರೆಗೂ ಕಾಯಬೇಡಿ, ಹೊತ್ತು ಹೊತ್ತಿಗೆ ಕೊಡಿ. ಆಕೆಗೆ ಚಟ ಹತ್ತುತ್ತೆ ಅಂತ ಹೆದರಬೇಡಿ. ಸಾಯೋ ಜೀವಕ್ಕೆ ಯಾವ ಚಟ? ಹೆದರಬೇಕಾದ್ದು ನೋವಿಲ್ಲದೋರು ಇದನ್ನ ಮುಟ್ಟಿದರೆ. ಬೀಗ ಹಾಕಿಡಿ” ಅಂದರು ನನ್ನ ಮಾವನವರಿಗೆ.

ಮಾವ ತಲೆಯಾಡಿಸಿ, ದೇವರ ಕೋಣೆಯ ಗೂಡಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡರು. ಹೊತ್ತಿಗೆ ಸರಿಯಾಗಿ ತೆಗೆದುಕೊಡುತ್ತಿದ್ದರು. ನಾನು ಕೂಸುಗಳಿಗೆ ಔಷಧಿ ಹಾಕುವ ಒಳಲೆಯಲ್ಲಿ ಅತ್ತೆಗೆ ಕುಡಿಸುತ್ತಿದ್ದೆ. ಕಹಿ ಅಂದರೆ ಕಹಿ, ಅತ್ತೆಯ ಮುಖ ಕಿವುಚಿಕೊಳ್ಳುತ್ತಿತ್ತು. ಆದರೆ ಎರಡೇ ದಿನಕ್ಕೆ ಅತ್ತೆ ಮತ್ತೆ ಮನುಷ್ಯರಾದರು. ಗೋಡೆಗೆ ಒರಗಿ ಕೂತು, “ವಸಿ ಉಪ್ಪಿಟ್ಟು ಮಾಡವ್ವ, ಈರುಳ್ಳಿ ಜಾಸ್ತಿ ಆಕು” ಅಂದರು. ನಾನು ಒಲೆಯ ಮುಂದೆ ಕೂತು ಅತ್ತುಬಿಟ್ಟೆ.

ಆಗ ಬಂದರು ಬೀಗರು.

ಅತ್ತೆಯ ಒಬ್ಬಳೇ ಮಗಳನ್ನು ಭೇರ್ಯಕ್ಕೆ ಕೊಟ್ಟಿತ್ತು. ಬೀಗರೆಂದರೆ ಅವಳ ಮಾವ. ಹಣೆಯ ತುಂಬ ವಿಭೂತಿ, ಮಡಿ ಪಂಚೆ, ಊರಲ್ಲಿ ನ್ಯಾಯ ಹೇಳುವ ದೊಡ್ಡ ಮನುಷ್ಯ. ನಮ್ಮ ನಾದಿನಿಗೆ ಇನ್ನೂ ಮಕ್ಕಳಾಗಿರಲಿಲ್ಲ. ಅದನ್ನೇ ಹಿಡಿದುಕೊಂಡು, ತವರಿಗೆ ಅಟ್ಟುತ್ತೇವೆ ಅನ್ನುವ ಮಾತು ಆ ಮನೆಯಲ್ಲಿ ಆಗಲೇ ಓಡಾಡುತ್ತಿತ್ತು. ಹಾಗಾಗಿ ಬೀಗರು ಬಂದರೆ ನಮ್ಮ ಮನೆಯಲ್ಲಿ ‘ಇಲ್ಲ’ ಅನ್ನುವ ಮಾತು ಬಾಯಿಂದ ಬರಕೂಡದು. ಹಾಲಿಲ್ಲದಿದ್ದರೆ ಪಕ್ಕದ ಮನೆಯಿಂದ ತಂದಾದರೂ ಕಾಫಿ ಕೊಡಬೇಕು.

ಕಾಯಿಲೆಯವರನ್ನು ನೋಡಿದ ಶಾಸ್ತ್ರ ಮುಗಿಸಿ, ಜಗುಲಿಯಲ್ಲಿ ಕೂತು, “ಬಸ್ಸಲ್ಲಿ ಕೂತೂ ಕೂತೂ ಸೊಂಟ ಇಡ್ಕಬುಡ್ತು ಬೀಗ್ರೇ” ಅಂದರು. ಮಾವ ಏನು ಮಾಡಬೇಕು ಹೇಳಿ? ಎದ್ದು ಹೋಗಿ ಗೂಡು ತೆಗೆದು, ಬೆಳ್ಳಿ ಲೋಟಕ್ಕೆ ಒಂದು ಕಚ್ಚು ಬಗ್ಗಿಸಿ ತಂದು ಕೊಟ್ಟರು! ಎಲೆ ಅಡಿಕೆ ತಟ್ಟೆಯನ್ನು ಮುಂದಿಟ್ಟ ಹಾಗೆ ಇಟ್ಟರು. “ಹುಣಸೂರಿನ ಡಾಕ್ಟ್ರ ಔಸ್ದಿ. ಎಂಥಾ ನೋವಿದ್ರೂ ನಿಂತೋಯ್ತದೆ, ತಕೊಳಿ.” ಬಾಗಿಲ ಹಿಂದೆ ನಿಂತ ನನ್ನ ಹಲ್ಲು ಕಟಕಟ ಅಂದಿತು.

ಆ ಮನುಷ್ಯ ಅಲ್ಲೇ ಜಗುಲಿಯ ಮೇಲೆ ಬಾಯಿ ತೆರೆದು ಮಲಗಿದ್ದು ಸಂಜೆಗೆ ಎದ್ದ. ಮುಂದಿನ ವಾರ ಮತ್ತೆ ಬಂದ. ಆಮೇಲೆ ವಾರವೂ ಕಾಯಲಿಲ್ಲ. “ಬೀಗಿತ್ತೀನ ನೋಡ್ದೆ ಮನಸ್ಸು ತಡೀನಿಲ್ಲ” ಅನ್ನುವುದು, ಮಲಗಿದವಳ ಕಡೆ ಬಾಗಿಲಿನಿಂದಲೇ ಕತ್ತು ಚಾಚುವುದು, ಲೋಟಕ್ಕೆ ಕೈ ಒಡ್ಡುವುದು. ಸರ್ಕಾರದ ಲೈಸೆನ್ಸಿನ ಅಫೀಮು ಅಂಗಡಿಗಳು ಆಗ ಇಲ್ಲವಾಗುತ್ತಿದ್ದವು, ನಮ್ಮ ಮನೆಯೇ ಅವನಿಗೆ ಅಂಗಡಿಯಾಯಿತು. ಊರವರು, ಆಹಾ ಎಂಥ ಬೀಗರು, ಎಷ್ಟು ಅಂತಃಕರಣ ಅಂತ ಕೊಂಡಾಡಿದರು. ಥೂ! ಇಷ್ಟು ಸಲ ಬಂದವನು ಒಂದು ಸಲವಾದರೂ ಸೊಸೆಯನ್ನು ಜೊತೆಗೆ ಕರೆತಂದನೇ? ಅತ್ತೆ ಕೇಳಿದಾಗಲೆಲ್ಲ ಮನೆಯಲ್ಲಿ ಕೆಲಸ ಅನ್ನುತ್ತಿದ್ದ. ಉರಿಯುವ ಮನೆಯಲ್ಲಿ ಗಳ ಹಿರಿಯುವುದು ಅಂದರೆ ಇದೇ.

ಒಂದು ದಿನ ಅತ್ತೆ ಗುಟುಕು ನುಂಗಿ, “ಕಹೀನೇ ಇಲ್ವಲ್ಲ ಕಣವ್ವ” ಅಂದರು. ಒಳಲೆಯ ತಳಕ್ಕೆ ಬೆರಳಿಟ್ಟು ನೆಕ್ಕಿದೆ. ಜೀರಿಗೆ ಕಷಾಯ! ನಾನೇ ಬೆಳಗ್ಗೆ ಕಾಸಿದ್ದು. ಬೀಗರಿಗೆ ಕೊಟ್ಟಷ್ಟು ಕಡಿಮೆಯಾಗುತ್ತದಲ್ಲ, ಕಾಗದದ ಪಟ್ಟಿಗೆ ಸರಿಯಾಗಲಿ ಅಂತ ಮಾವ ಕಷಾಯ ಸುರಿದಿದ್ದರು. ನೆಂಟರು ಬಂದರೆ ಮಜ್ಜಿಗೆಗೆ ನೀರು ಬೆರೆಸುವುದಿಲ್ಲವೇ, ಹಾಗೆ. ಅವರ ಮನಸ್ಸಿನಲ್ಲಿ ಅದೊಂದು ತಪ್ಪೇ ಅಲ್ಲ. ಎಲ್ಲರಿಗೂ ಆಗಲಿ ಅನ್ನುವ ಮನೆತನದ ಮರ್ಯಾದೆ!

ಅತ್ತೆಯ ಅರಚಾಟ ಮತ್ತೆ ಶುರುವಾಯಿತು. ಔಷಧಿ ಕೊಡಿ, ಕೊಡಿ ಅಂತ ಗೋಗರೆಯುತ್ತಿದ್ದರು. ಜಗುಲಿಯ ಮೇಲಿದ್ದ ಬೀಗ, ಕಣ್ಣು ಅರ್ಧ ಮುಚ್ಚಿಕೊಂಡೇ ಹೇಳಿದ: “ನಮ್ ಬೀಗಿತ್ತಿಗೆ ಅಫೀಮಿನ ಚಟ ಅತ್ಕೊಂಡದೆ ಕಣ್ರೀ. ಕೇಳ್ದಾಗೆಲ್ಲ ಕೊಡ್ಬ್ಯಾಡಿ, ಕಮ್ಮಿ ಮಾಡಿ.” ಕೋತಿ ತಾನು ಮೊಸರು ತಿಂದು ಮೇಕೆಯ ಮೂತಿಗೆ ಒರೆಸಿತಂತೆ! ನನ್ನ ಮಾವ ಅದಕ್ಕೂ ಹೌದು ಹೌದು ಅಂದರು. ಸಂಜೆಯ ಪಾಲು ನಿಂತೇಹೋಯಿತು.

ಗಂಡನಿಗೆ ಹೇಳಿದೆ. “ಅಪ್ಪಯ್ಯ ನೋಡ್ಕೋತಾರೆ ಬುಡು” ಅಂದರು. ಅವರೂ ಒಬ್ಬ ಮಗ! ಹತ್ತಿ ತರಬೇಕು ಅಂತ ನೆಪ ಹೇಳಿ ನಾನೇ ಹುಣಸೂರಿನ ಬಸ್ಸು ಹತ್ತಿದೆ. ಡಾಕ್ಟರಿಗೆ ಒಂದನ್ನೂ ಬಿಡದೆ ಹೇಳಿದೆ. ಅವರು ಮೇಜು ಗುದ್ದಿ, “ಬೀಗ ಹಾಕಿ ಅಂದರೆ ಬೀಗರಿಗೇ ಹಾಕಿದರಾ!” ಅಂತ ಕೂಗಾಡಿ, ಬೇರೆ ಬಾಟಲಿ ಕೊಟ್ಟು, “ಇದು ನಿನ್ನ ಕೈಯಲ್ಲೇ ಇರಲಿ ತಾಯಿ” ಅಂದರು. ತಂದು ರಾಗಿ ಮಡಕೆಯಲ್ಲಿ ಹೂತಿಟ್ಟೆ. ಕದ್ದು ಕುಡಿಸಿದೆ. ಅತ್ತೆ ಮುಖ ಕಿವುಚಿ, “ಆಂ, ಇದು ಔಸ್ದಿ” ಅಂದು ನಕ್ಕರು. ನಾವಿಬ್ಬರೂ ಕಳ್ಳರಂತೆ ನಕ್ಕೆವು.

ಆ ಸುಖ ಹೆಚ್ಚು ದಿನ ಇರಲಿಲ್ಲ. ಗೂಡಿನ ಬಾಟಲಿ ಬರೀ ಕಷಾಯವಾಗಿತ್ತಲ್ಲ, ಬೀಗನಿಗೆ ಏರಲಿಲ್ಲ. ಆಕಳಿಸುತ್ತಾ, ಕಣ್ಣು ಮೂಗಲ್ಲಿ ನೀರು ಸುರಿಸುತ್ತಾ, ಬೆವರಿ ವಿಭೂತಿಯೆಲ್ಲ ಕರಗಿ ಮೂಗಿನ ಮೇಲೆ ಇಳಿದು, ಕೂತಲ್ಲಿ ಕೂರಲಾರದೆ ಒದ್ದಾಡುತ್ತಿದ್ದ. ನ್ಯಾಯ ಹೇಳುವ ಬಾಯಲ್ಲಿ ಜೊಲ್ಲು. “ಒಳಗೆ ಬ್ಯಾರೆ ಬಾಟ್ಲಿ ಅದೆ, ನಂಗೊತ್ತು. ಬೀಗಿತ್ತಿ ಸುಮ್ಕೆ ಮಲಗವ್ಳಲ್ಲ, ಎಂಗೆ?” ಅಂದ. ಆಮೇಲೆ ದನಿ ತಗ್ಗಿಸಿ, “ಒಂದು ಗುಟುಕಿಗೂ ಗತಿಯಿಲ್ಲದ ಮನೆ ಎಣ್ಣು ನಮಗ್ಯಾಕೆ? ನಾಳೆನೇ ತಂದ್ಬುಡ್ತೀನಿ, ಇಟ್ಕೊಳಿ ನಿಮ್ಮ ಮಗಳನ್ನ” ಅಂದ.

ಮಾವ ನನ್ನ ಕಡೆ ತಿರುಗಿದರು. ನಾನು ಅಲ್ಲಾಡಲಿಲ್ಲ. ಸತ್ತರೂ ಕೊಡಬಾರದು ಅಂತಲೇ ನಿಂತಿದ್ದೆ.

ಒಳಗಿನಿಂದ ಅತ್ತೆಯ ದನಿ ಬಂತು. “ಕೊಟ್ಬುಡು ಕಣವ್ವ.”

“ಅತ್ತೆ, ಸುಮ್ನಿರಿ.”

“ನಂದೇನು, ಇವತ್ತೋ ನಾಳೆಯೋ. ಅವಳು ಅಲ್ಲಿ ಬಾಳ್ಬೇಕು. ಕೊಟ್ಬುಡು, ನನ್ನಾಣೆ.”

ಆಣೆ ಇಟ್ಟ ಮೇಲೆ ಏನು ಮಾಡಲಿ? ಮಡಕೆಗೆ ಕೈ ಹಾಕಿದೆ. ಅವನು ಲೋಟಕ್ಕೂ ಕಾಯದೆ ಬಾಟಲಿಯನ್ನೇ ಬಾಯಿಗಿಟ್ಟುಕೊಂಡ, ಮಿಕ್ಕದ್ದನ್ನು ಪಂಚೆಯಲ್ಲಿ ಸುತ್ತಿಕೊಂಡು ಹೋದ. ಅವತ್ತಿನಿಂದ ಅತ್ತೆ ಅರಚಲಿಲ್ಲ. ಸೆರಗನ್ನು ಬಾಯಿಗೆ ತುರುಕಿಕೊಂಡು ಕಚ್ಚಿದರು. ನಾನು ಮತ್ತೆ ಹುಣಸೂರಿಗೆ ಹೊರಟರೆ, ಹೋಗಬೇಡ, ತಂದರೆ ಅವನು ಮತ್ತೆ ಬರುತ್ತಾನೆ ಅಂತ ಕೈ ಹಿಡಿದುಕೊಂಡರು. ಹಾಗೇ ಹೋದರು. ಸೆರಗು ಬಿಡಿಸಲು ನಾನು ಹಲ್ಲನ್ನು ಸಡಿಲಿಸಬೇಕಾಯಿತು.

ಮಣ್ಣು ಮಾಡಿದ ದಿನ ಭೇರ್ಯದಿಂದ ನಾದಿನಿ ಬಂದಳು, ಆಗ ಕಳಿಸಿದರು. ಬೀಗ ಎಲ್ಲರಿಗಿಂತ ಜೋರಾಗಿ ಅತ್ತ. ಆಮೇಲೆ ಹಿತ್ತಲ ಬಾಗಿಲಿಗೆ ಬಂದು, ಪಾತ್ರೆ ತೊಳೆಯುತ್ತಿದ್ದ ನನ್ನ ಹತ್ತಿರ ಬಗ್ಗಿ, “ಅವ್ವಾ, ಆ ಔಸ್ದಿ ಏನಾರಾ ಉಳಿದದಾ?” ಅಂದ.

ನಾದಿನಿ ನೀರು ಸೇದುತ್ತಿದ್ದವಳು ಕೇಳಿಸಿಕೊಂಡಳು. “ಯಾವ ಔಸ್ದಿ ಅತ್ತಿಗೆ?” ಅಂದಳು. ಅವನ ಎದುರಿಗೇ, ಅವನ ಮುಖ ನೋಡುತ್ತಲೇ, ಮೊದಲ ಗುಟುಕಿನಿಂದ ಕೊನೆಯ ಸೆರಗಿನವರೆಗೆ ಎಲ್ಲ ಹೇಳಿಬಿಟ್ಟೆ. ಅವನು ಮೂಗು ಒರೆಸಿಕೊಂಡು ಜಾರಿಕೊಂಡ.

ಅವಳು ತುಂಬಿದ ಕೊಡವನ್ನು ಬಾವಿಕಟ್ಟೆಯ ಮೇಲಿಟ್ಟಳು. ಭೇರ್ಯಕ್ಕೆ ಅವಳು ಮತ್ತೆ ಹೋಗಲೇ ಇಲ್ಲ, ಯಾರು ಎಷ್ಟು ಹೇಳಿದರೂ ಹೋಗಲಿಲ್ಲ. ಆದರೆ ಅವತ್ತು ಅವಳು ಕೇಳಿದ್ದು ಒಂದೇ ಮಾತು.

“ಆ ಸುಡುಗಾಡಲ್ಲಿ ನಂಗೆ ಬಾಳೋಕೆ ಇಷ್ಟ ಅದಾ ಅಂತ ಯಾರಾದ್ರೂ ಒಬ್ರು ನನ್ನ ಕೇಳಿದ್ರಾ ಅತ್ತಿಗೆ?”